ಬೆಳಕಿನ ಲೆಕ್ಕ: ವೋಲ್ಟ್‌ನಿಂದ ಲ್ಯೂಮೆನ್‌ವರೆಗೆ

ಕನ್ನಡದಲ್ಲಿ ಬೆಳಕಿಗೆ ಪದಗಳ ಬರವಿಲ್ಲ. ಬೆಳಕು, ಪ್ರಕಾಶ, ಪ್ರಭೆ, ಕಾಂತಿ, ದೀಪ್ತಿ, ಜ್ಯೋತಿ, ಹೊಳಪು, ಮಿನುಗು, ಥಳಥಳ. ಕವಿಗಳು ಪ್ರಾಸಕ್ಕೋ ಛಂದಸ್ಸಿಗೋ ಹೊಂದುವಂತೆ ಒಂದರ ಜಾಗದಲ್ಲಿ ಇನ್ನೊಂದನ್ನು ಕೂರಿಸುತ್ತಾರೆ, ಯಾರೂ ಆಕ್ಷೇಪಿಸುವುದಿಲ್ಲ. ಬಲ್ಬಿನ ಅಂಗಡಿಯಲ್ಲಿ ಮಾತ್ರ ಈ ಸ್ವಾತಂತ್ರ್ಯ ನಡೆಯುವುದಿಲ್ಲ. ಅಲ್ಲಿನ ಪೆಟ್ಟಿಗೆಯ ಮೇಲೆ ವ್ಯಾಟ್, ಲ್ಯೂಮೆನ್, ಕೆಲ್ವಿನ್, ಸಿ.ಆರ್.ಐ. ಎಂದು ನಾಲ್ಕಾರು ಪದಗಳಿರುತ್ತವೆ. ಒಂದೊಂದಕ್ಕೂ ಒಂದೇ ಅರ್ಥ, ಒಂದರ ಬದಲು ಇನ್ನೊಂದು ಸಲ್ಲದು.

ನಮ್ಮ ಕೂಟದಲ್ಲಿ ಹೆಚ್ಚಿನವರು ಓದುವವರು, ಕೆಲವರು ನಾಟಕ ಆಡುವವರು. ಇಬ್ಬರಿಗೂ ಬೆಳಕು ಬೇಕು. ಅದರಲ್ಲೂ ನಮ್ಮಲ್ಲಿಗೆ ಆರು ತಿಂಗಳ ಮಟ್ಟಿಗೆ ಬರುವ ಹಿರಿಯರಿಗೆ ಹಗಲಿನ ಜೊತೆಗಾರ ಪುಸ್ತಕವೇ. ಆದ್ದರಿಂದ ಈ ಪದಗಳನ್ನು ಒಂದೊಂದಾಗಿ ಬಿಡಿಸಿ ನೋಡುವುದು ಉಪಯುಕ್ತವೆಂದುಕೊಂಡು ಈ ಲೇಖನ. ನಾನು ಎಲೆಕ್ಟ್ರಿಕಲ್ ಎಂಜಿನಿಯರ್ ಅಲ್ಲ, ಸಾಫ್ಟ್‌ವೇರ್‌ನವನು. ಆದರೆ ಇಲ್ಲಿ ಬರುವ ಲೆಕ್ಕಗಳಿಗೆ ಹೈಸ್ಕೂಲಿನ ಗುಣಾಕಾರ ಭಾಗಾಕಾರ ಸಾಕು.

ಶಿವನಸಮುದ್ರದಿಂದ ಶುರು ಮಾಡೋಣ

1902ರ ಜೂನ್ 30ರಂದು ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗೆ ಹರಿಯಿತು. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ರೂಪುಗೊಂಡ ಯೋಜನೆ. ಎಂಜಿನಿಯರ್ ಜೋಲಿ ಡಿ ಲೋಟ್ಬಿನಿಯೇರ್. ಯಂತ್ರಗಳಲ್ಲಿ ವಿದ್ಯುತ್ತಿಗೆ ಸಂಬಂಧಪಟ್ಟವು ಹೋದದ್ದು ನಾವೀಗ ಇರುವ ಈ ದೇಶದಿಂದ, ಜನರಲ್ ಎಲೆಕ್ಟ್ರಿಕ್ ಕಂಪನಿಯಿಂದ. ನಾವು ಇತ್ತ ಬರುವ ಎಷ್ಟೋ ದಶಕಗಳ ಮೊದಲೇ ಡೈನಮೋಗಳು ಅತ್ತ ಹೋಗಿದ್ದವು ಅನ್ನಿ!

ಅಲ್ಲಿ ಕಾವೇರಿ ಬೀಳುವುದನ್ನು ನೋಡಿದವರಿಗೆ ಮೂರು ಪದ ತಾವಾಗಿಯೇ ಅರ್ಥವಾಗುತ್ತವೆ. ನೀರು ಎಷ್ಟು ಎತ್ತರದಿಂದ ಬೀಳುತ್ತದೆ ಎಂಬುದಕ್ಕೆ ಸಮನಾದದ್ದು ವೋಲ್ಟ್. ಎಷ್ಟು ನೀರು ಹರಿಯುತ್ತದೆ ಎಂಬುದಕ್ಕೆ ಸಮನಾದದ್ದು ಆಂಪಿಯರ್. ಎರಡನ್ನೂ ಗುಣಿಸಿದರೆ ಸಿಗುವ ಕಸುವು ವ್ಯಾಟ್. ಮಳೆಗಾಲದಲ್ಲಿ ಎತ್ತರ ಅಷ್ಟೇ ಇದ್ದರೂ ನೀರು ಹೆಚ್ಚಾಗಿ ಜಲಪಾತದ ಕಸುವು ಹೆಚ್ಚುತ್ತದೆ. ಬೇಸಿಗೆಯಲ್ಲಿ ಅದೇ ಎತ್ತರ, ನೀರು ಕಡಿಮೆ, ಕಸುವೂ ಕಡಿಮೆ.

ಶಿವನಸಮುದ್ರದಿಂದ ಗಣಿಗೆ ಸುಮಾರು 92 ಮೈಲಿ. ಅಷ್ಟು ದೂರ ಕಳಿಸಲು 30 ಸಾವಿರ ವೋಲ್ಟ್‌ಗೂ ಹೆಚ್ಚಿನ ಒತ್ತಡ ಬಳಸಿದರು. ಏಕೆ? ತಂತಿಯಲ್ಲಿ ಶಾಖವಾಗಿ ಸೋರಿಹೋಗುವ ವಿದ್ಯುತ್ತು ಆಂಪಿಯರಿನ ವರ್ಗಕ್ಕೆ ತಕ್ಕಂತೆ ಏರುತ್ತದೆ. ಅದೇ ವ್ಯಾಟನ್ನು ನೂರನೇ ಒಂದು ಪಾಲು ವೋಲ್ಟಿನಲ್ಲಿ ಕಳಿಸಿದರೆ ಆಂಪಿಯರ್ ನೂರು ಪಟ್ಟು, ಸೋರಿಕೆ ಹತ್ತು ಸಾವಿರ ಪಟ್ಟು. ಗಣಿ ತಲುಪುವ ಹೊತ್ತಿಗೆ ಏನೂ ಉಳಿಯುತ್ತಿರಲಿಲ್ಲ. 1905ರ ಆಗಸ್ಟ್‌ನಲ್ಲಿ ಬೆಂಗಳೂರಿನ ಬೀದಿ ದೀಪಗಳು ಹೊತ್ತಿಕೊಂಡದ್ದೂ ಇದೇ ವಿದ್ಯುತ್ತಿನಿಂದ.

ಇದರ ದಾಯಾದಿ ನಮ್ಮ ಸೆರಿಟೋಸ್‌ನಿಂದ ಸುಮಾರು ಒಂದು ಗಂಟೆಯ ದಾರಿಯಲ್ಲಿದೆ (ಟ್ರಾಫಿಕ್ ಇಲ್ಲದಿದ್ದರೆ!). ರೆಡ್‌ಲ್ಯಾಂಡ್ಸ್ ಬಳಿಯ ಮಿಲ್ ಕ್ರೀಕ್ ವಿದ್ಯುದಾಗಾರ 1893ರಲ್ಲಿ ಆರಂಭವಾಯಿತು. ಈ ದೇಶದಲ್ಲಿ ಮೂರು ಫೇಸಿನ ಪರ್ಯಾಯ ವಿದ್ಯುತ್ತನ್ನು ವ್ಯಾಪಾರಕ್ಕೆಂದು ಉತ್ಪಾದಿಸಿದ್ದು ಅಲ್ಲಿಯೇ ಮೊದಲು. ಅಲ್ಲೂ ಬೆಟ್ಟದ ನೀರು, ಕೆಳಗಿನ ಊರಿಗೆ ಬೆಳಕು.

230 ಮತ್ತು 120

ಕರ್ನಾಟಕದ ಮನೆಗಳಲ್ಲಿ 230 ವೋಲ್ಟ್, ಇಲ್ಲಿ 120. ಚಿಕ್ಕಪೇಟೆಯಿಂದ ದೀಪಾವಳಿಗೆಂದು ತಂದ ಹಳೆಯ ಕಾಲದ ತಂತಿ ಬಲ್ಬನ್ನು ಇಲ್ಲಿ ಹೇಗೋ ಹೊಂದಿಸಿ ಹಚ್ಚಿದರೆ ಏನಾಗುತ್ತದೆ? 60 ವ್ಯಾಟಿನ ಬಲ್ಬು ಇಲ್ಲಿ ಸುಮಾರು 20 ವ್ಯಾಟನ್ನಷ್ಟೇ ಎಳೆಯುತ್ತದೆ. ವ್ಯಾಟ್ ಮೂರನೇ ಒಂದಾದರೆ ಬೆಳಕೂ ಮೂರನೇ ಒಂದು ಎಂದುಕೊಳ್ಳುತ್ತೀರಿ. ಇಲ್ಲ, ಬೆಳಕು ಹತ್ತನೇ ಒಂದಕ್ಕೆ ಇಳಿಯುತ್ತದೆ. ತಂತಿ ಸಾಕಷ್ಟು ಕಾಯುವುದೇ ಇಲ್ಲ. ಕೆಂಡದಂತೆ ಮಂಕಾಗಿ ಕೂರುತ್ತದೆ. ಬೆಳಕು ಕಡಿಮೆ, ಆಯುಷ್ಯ ಮಾತ್ರ ಜಾಸ್ತಿ. ಉತ್ತರ ಕ್ಯಾಲಿಫೋರ್ನಿಯದ ಲಿವರ್‌ಮೋರ್ ಊರಿನ ಅಗ್ನಿಶಾಮಕ ಠಾಣೆಯಲ್ಲಿ 1901ರಿಂದ ಉರಿಯುತ್ತಿರುವ ಬಲ್ಬಿನ ಗುಟ್ಟೂ ಬಹುಮಟ್ಟಿಗೆ ಇದೇ: ಅದು ಉರಿಯುವುದು ಸುಮಾರು 4 ವ್ಯಾಟಿನಲ್ಲಿ. ಇದಕ್ಕೆ ತಿರುಗುಮುರುಗಾಗಿ, ಇಲ್ಲಿನ 120 ವೋಲ್ಟಿನ ಬಲ್ಬನ್ನು ಊರಿಗೆ ಒಯ್ದು ಹಚ್ಚಿದರೆ ಒಂದು ಕ್ಷಣ ಝಗ್ಗೆಂದು ಬೆಳಗಿ ಢಬ್ಬೆನ್ನುತ್ತದೆ.

ಇಲ್ಲೊಂದು ಮಾತನ್ನು ಒತ್ತಿ ಹೇಳಬೇಕು. ಊರಿನ ವೈರಿಂಗಿನಲ್ಲಿ ಕಪ್ಪು ತಂತಿ ಎಂದರೆ ನ್ಯೂಟ್ರಲ್. ಕರೆಂಟು ಇರುವುದು ಕೆಂಪು, ಹಳದಿ, ನೀಲಿಯಲ್ಲಿ. ಅಮೆರಿಕದಲ್ಲಿ ಕಪ್ಪು ತಂತಿಯೇ ಕರೆಂಟಿನದು! ಬಿಳಿಯದು ನ್ಯೂಟ್ರಲ್, ಹಸಿರು ಅಥವಾ ಬರಿಯ ತಾಮ್ರದ ತಂತಿ ಅರ್ತ್. ಊರಿನಲ್ಲಿ ನಲವತ್ತು ವರ್ಷ ಮನೆಯ ಫ್ಯಾನು, ಸ್ವಿಚ್ಚು ತಾವೇ ರಿಪೇರಿ ಮಾಡಿಕೊಂಡು ಬಂದ ಮಾವನವರು ಇಲ್ಲಿ ಬಂದು "ಅಳಿಯಂದಿರೇ, ಇದಕ್ಕೆಲ್ಲ ಎಲೆಕ್ಟ್ರಿಷಿಯನ್ ಯಾಕೆ" ಎಂದು ಸ್ಕ್ರೂ ಡ್ರೈವರ್ ಹಿಡಿದರೆ, ಅವರ ಅನುಭವವೇ ಅವರಿಗೆ ಅಪಾಯ. ಇಲ್ಲಿ ಸ್ವಿಚ್ಚು ಕೆಳಗೆ ಒತ್ತಿದರೆ ಆರುತ್ತದೆ, ಊರಿನಲ್ಲಿ ಹೊತ್ತುತ್ತದೆ. ಈ ಎರಡನ್ನು ಬಂದ ಮೊದಲ ದಿನವೇ ಅವರಿಗೆ ಹೇಳಿಬಿಡಿ. ಪ್ಯಾನೆಲ್‌ನಲ್ಲಿ ಬ್ರೇಕರ್ ಆರಿಸಿ, ಟೆಸ್ಟರಿನಿಂದ ಪರೀಕ್ಷಿಸದೆ ಯಾವ ಬಣ್ಣದ ತಂತಿಯನ್ನೂ ಯಾರೂ ಮುಟ್ಟಬಾರದು.

ಯೂನಿಟ್ ಎಂದರೆ

ವ್ಯಾಟ್ ಎಂಬುದು ವೇಗ, ಯೂನಿಟ್ ಎಂಬುದು ಕ್ರಮಿಸಿದ ದೂರ. ಸಾವಿರ ವ್ಯಾಟನ್ನು ಒಂದು ಗಂಟೆ ಬಳಸಿದರೆ ಒಂದು ಯೂನಿಟ್; ಇಲ್ಲಿನ ಬಿಲ್ಲಿನಲ್ಲಿ ಅದನ್ನು ಕಿಲೋವ್ಯಾಟ್ ಅವರ್ ಎನ್ನುತ್ತಾರೆ. ಕರ್ನಾಟಕದಲ್ಲಿ 2023ರಲ್ಲಿ ಗೃಹಜ್ಯೋತಿ ಯೋಜನೆ ತಿಂಗಳಿಗೆ 200 ಯೂನಿಟ್‌ವರೆಗಿನ ಬಳಕೆಯನ್ನು ಲೆಕ್ಕಕ್ಕೆ ಹಿಡಿದದ್ದು ಇದೇ ಅಳತೆಯಲ್ಲಿ.

60 ವ್ಯಾಟಿನ ಹಳೆಯ ಬಲ್ಬು ದಿನಕ್ಕೆ 5 ಗಂಟೆ ಉರಿದರೆ ತಿಂಗಳಿಗೆ 9 ಯೂನಿಟ್. ಅಷ್ಟೇ ಬೆಳಕು ಕೊಡುವ 9 ವ್ಯಾಟಿನ ಎಲ್.ಇ.ಡಿ.ಗೆ ಒಂದೂವರೆ ಯೂನಿಟ್ಟೂ ಬೇಡ. ಯೂನಿಟ್ಟಿಗೆ 30 ಸೆಂಟ್ ಎಂದು ಹಿಡಿದರೂ ಒಂದು ಬಲ್ಬಿಗೆ ತಿಂಗಳಿಗೆ ಎರಡು ಡಾಲರಿಗಿಂತ ಹೆಚ್ಚು ಉಳಿತಾಯ. ಮೈಸೂರು ಅರಮನೆಯ ದೀಪಾಲಂಕಾರದಲ್ಲಿ ಸುಮಾರು 97 ಸಾವಿರ ಬಲ್ಬುಗಳಿವೆ ಎನ್ನುತ್ತಾರೆ. ತಲಾ 15 ವ್ಯಾಟ್ ಎಂದು ಸುಮ್ಮನೆ ಊಹಿಸಿ ಗುಣಿಸಿ ನೋಡಿ: ಹದಿನಾಲ್ಕು ಲಕ್ಷ ವ್ಯಾಟ್ ದಾಟುತ್ತದೆ. ಒಂದು ಗಂಟೆ ಹಚ್ಚಿದರೆ 1,455 ಯೂನಿಟ್. ನೋಡುವವರ ಕಣ್ಣಿಗೆ ಹಬ್ಬ, ಮೀಟರಿಗೂ ಹಬ್ಬ!

ಹರ್ಟ್ಸ್ ಮತ್ತು ಮಿನುಗು

ಪರ್ಯಾಯ ವಿದ್ಯುತ್ತು ಸೆಕೆಂಡಿಗೆ ಎಷ್ಟು ಸಲ ಹಿಂದೆ ಮುಂದೆ ತೂಗುತ್ತದೆ ಎಂಬುದೇ ಹರ್ಟ್ಸ್. ಇಲ್ಲಿ 60, ಭಾರತದಲ್ಲಿ 50. ಶಿವನಸಮುದ್ರದಲ್ಲಿ ಮೊದಲು ಉತ್ಪಾದಿಸಿದ್ದು 25. ಒಂದು ತೂಗಿಗೆ ದೀಪ ಎರಡು ಸಲ ಏರಿಳಿಯುತ್ತದೆ. ಆದ್ದರಿಂದ ಇಲ್ಲಿನ ದೀಪ ಸೆಕೆಂಡಿಗೆ 120 ಸಲ ಮಿನುಗುತ್ತದೆ. ಹಳೆಯ ಬಲ್ಬಿನ ತಂತಿ ಅಷ್ಟರೊಳಗೆ ಆರುವುದಿಲ್ಲವಾದ್ದರಿಂದ ಕಣ್ಣಿಗೆ ಗೊತ್ತಾಗುತ್ತಿರಲಿಲ್ಲ. ಅಗ್ಗದ ಎಲ್.ಇ.ಡಿ. ಅಷ್ಟರಲ್ಲಿಯೇ ಪೂರ್ತಿ ಆರಿ ಹೊತ್ತಬಲ್ಲದು. ಕಣ್ಣು ಹಿಡಿಯದಿದ್ದರೂ ಕೆಲವರಿಗೆ ತಲೆನೋವು ಹಿಡಿಯುತ್ತದೆ. ಫೋನಿನ ಕ್ಯಾಮೆರಾವನ್ನು ದೀಪದತ್ತ ಹಿಡಿದಾಗ ಪಟ್ಟೆ ಪಟ್ಟೆಯಾಗಿ ಕಂಡರೆ ಆ ಬಲ್ಬು ಓದಲು ಬೇಡ.

ಡಿಮ್ಮರ್ ಇರುವ ಮನೆಯಲ್ಲಿ ಈ ತೊಂದರೆ ಇನ್ನೂ ಹೆಚ್ಚು. ಸಾಮಾನ್ಯ ಡಿಮ್ಮರ್ ವಿದ್ಯುತ್ತನ್ನು ತಗ್ಗಿಸುವುದಿಲ್ಲ, ಪ್ರತಿ ತೂಗಿನ ಒಂದು ಭಾಗವನ್ನು ಕತ್ತರಿಸಿ ಹಾಕುತ್ತದೆ. ಇದಕ್ಕೆ ಸಿದ್ಧವಾಗಿರದ ಎಲ್.ಇ.ಡಿ. ಜೇನುಹುಳುವಿನಂತೆ ಗುಂಯ್‌ಗುಟ್ಟುತ್ತದೆ ಅಥವಾ ನಡುಗುತ್ತದೆ. ಪೆಟ್ಟಿಗೆಯ ಮೇಲೆ ಡಿಮ್ಮಬಲ್ ಎಂದು ಇದೆಯೇ ನೋಡಿಕೊಳ್ಳಿ.

ಅಂದಹಾಗೆ, ದಕ್ಷಿಣ ಕ್ಯಾಲಿಫೋರ್ನಿಯದಲ್ಲೂ ಮೊದಲು 50 ಹರ್ಟ್ಸ್ ಇತ್ತು. ಲಾಸ್ ಏಂಜಲಿಸ್ ನಗರ 1936ರಲ್ಲಿ ಹೂವರ್ ಅಣೆಕಟ್ಟಿನ ವಿದ್ಯುತ್ತು ಬಂದಾಗ 60ಕ್ಕೆ ಬದಲಾಯಿತು. ಸುತ್ತಲಿನ ಎಡಿಸನ್ ಪ್ರದೇಶ 1948ರಲ್ಲಿ. ವಿದ್ಯುತ್ತಿನ ತೂಗನ್ನೇ ಎಣಿಸಿ ನಡೆಯುತ್ತಿದ್ದ ಲಕ್ಷಾಂತರ ಗಡಿಯಾರಗಳು ಓಡತೊಡಗುತ್ತವೆಂದು ಅವನ್ನೆಲ್ಲ ಕಂಪನಿಯೇ ಸರಿಪಡಿಸಿಕೊಡಬೇಕಾಯಿತು.

ಲ್ಯೂಮೆನ್, ಕ್ಯಾಂಡೆಲಾ, ಲಕ್ಸ್

ಇಲ್ಲಿಯವರೆಗೆ ದೀಪಕ್ಕೆ ಹೋಗುವುದರ ಮಾತಾಯಿತು. ಇನ್ನು ದೀಪದಿಂದ ಬರುವುದರ ಮಾತು. ಓದುವವರಿಗೆ ನಿಜವಾಗಿ ಬೇಕಾದದ್ದು ಈ ಭಾಗ.

ಬಲ್ಬು ಎಲ್ಲ ದಿಕ್ಕಿಗೂ ಚೆಲ್ಲುವ ಒಟ್ಟು ಬೆಳಕು ಲ್ಯೂಮೆನ್. ಹಳೆಯ 60 ವ್ಯಾಟಿನ ಬಲ್ಬಿನದು ಸುಮಾರು 800. ಒಂದು ವ್ಯಾಟಿಗೆ ಎಷ್ಟು ಲ್ಯೂಮೆನ್ ಸಿಗುತ್ತದೆ ಎಂಬುದು ಆ ಬಲ್ಬಿನ ದಕ್ಷತೆ: ಹಳೆಯದಕ್ಕೆ 13, ಎಲ್.ಇ.ಡಿ.ಗೆ ಸುಮಾರು 90. ವ್ಯಾಟಿಗೆ 45 ಲ್ಯೂಮೆನ್ ಕೊಡದ ಸಾಮಾನ್ಯ ಬಲ್ಬನ್ನು ಮಾರಬಾರದೆಂದು ಕ್ಯಾಲಿಫೋರ್ನಿಯ 2018ರಲ್ಲೇ ಕಟ್ಟುನಿಟ್ಟು ಮಾಡಿತು. ಇಡೀ ದೇಶಕ್ಕೆ ಅದು 2023ರ ಆಗಸ್ಟ್‌ನಲ್ಲಿ ಬಂತು. "60 ವ್ಯಾಟಿಗೆ ಸಮ" ಎಂದು ಪೆಟ್ಟಿಗೆಯ ಮೇಲೆ ಬರೆಯುವುದು ನಮ್ಮ ಹಳೆಯ ಅಭ್ಯಾಸಕ್ಕೆ ಕೊಟ್ಟ ಮರ್ಯಾದೆ ಅಷ್ಟೇ.

ಒಂದು ನಿರ್ದಿಷ್ಟ ದಿಕ್ಕಿನಲ್ಲಿ ಬೆಳಕು ಎಷ್ಟು ತೀವ್ರ ಎಂಬುದು ಕ್ಯಾಂಡೆಲಾ. ಹೆಸರೇ ಹೇಳುವಂತೆ ಇದು ಮೇಣದ ಬತ್ತಿಯಿಂದ ಬಂದದ್ದು. ಒಂದು ಬತ್ತಿ ಸುಮಾರು ಒಂದು ಕ್ಯಾಂಡೆಲಾ. ಅದೇ ಲ್ಯೂಮೆನ್ನನ್ನು ಕನ್ನಡಿಯಿಟ್ಟು ಒಂದೇ ಕಡೆ ತಿರುಗಿಸಿದರೆ ಕ್ಯಾಂಡೆಲಾ ಏರುತ್ತದೆ. ಬ್ಯಾಟರಿ ಟಾರ್ಚು ಮಾಡುವುದು ಇದನ್ನೇ. ಬೆಳಕು ಎಷ್ಟು ಅಗಲಕ್ಕೆ ಹರಡುತ್ತದೆ ಎಂಬುದನ್ನು ಬೀಮ್ ಕೋನ ಎನ್ನುತ್ತಾರೆ.

ಕೊನೆಗೆ ಪುಸ್ತಕದ ಹಾಳೆಯ ಮೇಲೆ ಬಿದ್ದದ್ದೆಷ್ಟು? ಅದು ಲಕ್ಸ್. ಅಮೆರಿಕದಲ್ಲಿ ಫುಟ್‌ಕ್ಯಾಂಡಲ್ ಎನ್ನುವುದೂ ಉಂಟು: ಒಂದು ಬತ್ತಿಯಿಂದ ಒಂದು ಅಡಿ ದೂರದಲ್ಲಿರುವ ಬೆಳಕು. ಒಂದು ಫುಟ್‌ಕ್ಯಾಂಡಲ್ ಎಂದರೆ ಸುಮಾರು 10.8 ಲಕ್ಸ್. ಓದಲು 30ರಿಂದ 50 ಫುಟ್‌ಕ್ಯಾಂಡಲ್ ಇದ್ದರೆ ಒಳ್ಳೆಯದು. ವಯಸ್ಸಾದ ಕಣ್ಣಿಗೆ ಇನ್ನೂ ಹೆಚ್ಚು ಬೇಕು. ಅರವತ್ತರ ಕಣ್ಣಿನ ಒಳಪರದೆಗೆ ತಲುಪುವ ಬೆಳಕು ಇಪ್ಪತ್ತರ ಕಣ್ಣಿಗೆ ತಲುಪುವುದರ ಮೂರನೇ ಒಂದರಷ್ಟು ಮಾತ್ರ.

ನಮ್ಮ ಸ್ನೇಹಿತರೊಬ್ಬರ ತಾಯಿ ಹಾಸನದ ಕಡೆಯವರು. ಸೂಟ್‌ಕೇಸಿನ ಅರ್ಧ ಕಾದಂಬರಿಗಳನ್ನೇ ತುಂಬಿಕೊಂಡು ಬಂದಿದ್ದರು. ಎರಡು ವಾರದಲ್ಲಿ ಓದುವುದನ್ನು ಬಿಟ್ಟು ಸುಮ್ಮನೆ ಕಿಟಕಿಯ ಬಳಿ ಕೂರತೊಡಗಿದರು. ಕೇಳಿದರೆ, "ಕಣ್ಣು ಹೋಯಿತಪ್ಪ, ಇನ್ನು ಓದೋದು ನನ್ನ ಹಣೇಲಿಲ್ಲ" ಎಂದರಂತೆ. ಕಣ್ಣಿನ ಡಾಕ್ಟರರು ನೋಡಿ, ಕನ್ನಡಕ ಸರಿಯಾಗಿಯೇ ಇದೆ ಎಂದರು. ಸಮಸ್ಯೆ ಇದ್ದದ್ದು ಸೂರಿನಲ್ಲಿ. ಆ ಕೋಣೆಯಲ್ಲಿ 800 ಲ್ಯೂಮೆನ್ನಿನ ಒಂದೇ ಬಲ್ಬು, ಅವರ ಕೈಯ ಪುಸ್ತಕದಿಂದ ಸುಮಾರು ಆರು ಅಡಿ ಮೇಲೆ.

ಲೆಕ್ಕ ಹಾಕಿ. ಎಲ್ಲ ದಿಕ್ಕಿಗೂ ಸಮನಾಗಿ ಚೆಲ್ಲಿದ 800 ಲ್ಯೂಮೆನ್ ಎಂದರೆ ಸುಮಾರು 64 ಕ್ಯಾಂಡೆಲಾ. ದೂರದ ವರ್ಗದಿಂದ ಭಾಗಿಸಬೇಕು. ಆರು ಅಡಿಗೆ 64 ಭಾಗಿಸು 36, ಎರಡು ಫುಟ್‌ಕ್ಯಾಂಡಲಿಗೂ ಕಡಿಮೆ! ಗೋಡೆ, ಸೂರಿನಿಂದ ಪುಟಿದು ಬರುವುದನ್ನು ಸೇರಿಸಿದರೂ ಬೇಕಾದುದರ ಹತ್ತಿರಕ್ಕೂ ಬಾರದು. ಅದೇ ಬಲ್ಬನ್ನು ಟೇಬಲ್ ಲ್ಯಾಂಪಿಗೆ ಹಾಕಿ ಎರಡು ಅಡಿ ದೂರಕ್ಕೆ ತಂದರೆ 64 ಭಾಗಿಸು 4, ಹದಿನಾರು. ದೂರ ಮೂರನೇ ಒಂದಾದಾಗ ಬೆಳಕು ಒಂಬತ್ತು ಪಟ್ಟು. ಒಳಗೆ ಬಿಳಿ ಬಳಿದ ಶೇಡ್ ಇದ್ದರೆ ಮೇಲಕ್ಕೂ ಪಕ್ಕಕ್ಕೂ ಹೋಗುವ ಬೆಳಕು ಕೆಳಕ್ಕೆ ತಿರುಗಿ ಮೂವತ್ತನ್ನು ಮುಟ್ಟುತ್ತದೆ. ವಿದ್ಯುತ್ತಿನ ಖರ್ಚು ಒಂದು ಪೈಸೆಯೂ ಹೆಚ್ಚಿಲ್ಲ.

ದೀಪವನ್ನು ಎಡಗಡೆ, ಭುಜದ ಸ್ವಲ್ಪ ಹಿಂದೆ ಇಟ್ಟರು. ಬಲ್ಬು ನೇರವಾಗಿ ಕಣ್ಣಿಗೆ ಕಾಣಬಾರದು, ನುಣುಪು ಹಾಳೆಯಿಂದ ಬೆಳಕು ಕಣ್ಣಿಗೆ ಪುಟಿಯಲೂ ಬಾರದು. ಇವೆರಡನ್ನೂ ಗ್ಲೇರ್ ಎನ್ನುತ್ತಾರೆ. ಆ ತಾಯಿ ಊರಿಗೆ ಹೊರಡುವಷ್ಟರಲ್ಲಿ ತಂದದ್ದನ್ನೆಲ್ಲ ಓದಿ ಮುಗಿಸಿ, ನಮ್ಮ ಮನೆಯ ಕಪಾಟಿನಿಂದಲೂ ನಾಲ್ಕು ಪುಸ್ತಕ ತರಿಸಿಕೊಂಡರು.

ಕನ್ನಡ ಲಿಪಿಗೆ ಇದು ಇನ್ನಷ್ಟು ಮುಖ್ಯ. ದ-ಧ, ಬ-ಭ, ಡ-ಢ ಇವುಗಳ ನಡುವಿನ ವ್ಯತ್ಯಾಸ ಹೊಟ್ಟೆ ಸೀಳುವ ಒಂದು ಚಿಕ್ಕ ಗೀರು. ಒತ್ತಕ್ಷರಗಳು ಸಾಲಿನ ಕೆಳಗೆ ಇನ್ನೂ ಪುಟ್ಟದಾಗಿ ಕೂತಿರುತ್ತವೆ. ಹಳದಿಯಾದ ಹಳೆಯ ಮುದ್ರಣದ ಹಾಳೆಯಲ್ಲಿ ಮೊದಲು ಮಸುಕಾಗುವುದು ಇವೇ.

ಕೆಲ್ವಿನ್

ಬೆಳಕಿನ ಬಣ್ಣದ ಅಳತೆ ಕೆಲ್ವಿನ್. ಕಬ್ಬಿಣ ಕಾದಂತೆ ಮೊದಲು ಕೆಂಪು, ಆಮೇಲೆ ಹಳದಿ, ಆಮೇಲೆ ಬೆಳ್ಳಗಾಗುವುದನ್ನು ಕಮ್ಮಾರನ ಕುಲುಮೆಯಲ್ಲಿ ನೋಡಿದ್ದೀರಿ. ಅದೇ ತತ್ವ. ಎಣ್ಣೆ ದೀಪ ಸುಮಾರು 1,900, ಹಳೆಯ ಬಲ್ಬು 2,700, ನಮ್ಮ ಊರಿನ ಟ್ಯೂಬ್‌ಲೈಟು ಬಹುಮಟ್ಟಿಗೆ 6,500. ಸಂಖ್ಯೆ ಏರಿದಂತೆ ಬೆಳಕು ನೀಲಿಯತ್ತ ವಾಲುತ್ತದೆ. ಆದರೂ ಅದನ್ನು ತಂಪು ಬೆಳಕು ಎನ್ನುತ್ತಾರೆ, ಹೆಚ್ಚು ಡಿಗ್ರಿಗೆ ಕಡಿಮೆ ಬಿಸಿಯ ಹೆಸರು! ಹಿರಿಯರಿಗೆ ಟ್ಯೂಬ್‌ಲೈಟಿನ ಬಿಳುಪೇ ನಿಜವಾದ ಬೆಳಕು, ಇಲ್ಲಿ ಹುಟ್ಟಿದ ಮಕ್ಕಳಿಗೆ ಅದು ಆಸ್ಪತ್ರೆಯ ಬೆಳಕು. ಇಬ್ಬರೂ ಸರಿ. ಓದುವ ಮೂಲೆಗೆ 3,500ರಿಂದ 4,000, ಊಟದ ಮನೆಗೆ 2,700 ಎಂದು ರಾಜಿ ಮಾಡಿಕೊಳ್ಳಬಹುದು. ಕ್ಯಾಲಿಫೋರ್ನಿಯದಲ್ಲಿ ಉದ್ದನೆಯ ಫ್ಲೋರೊಸೆಂಟ್ ಟ್ಯೂಬುಗಳ ಮಾರಾಟ 2025ರ ಆರಂಭದಿಂದ ನಿಂತಿದೆ. ಅದೇ ಬಿಳುಪಿನ ಎಲ್.ಇ.ಡಿ. ಟ್ಯೂಬು ಸಿಗುತ್ತದೆ.

ಸಿ.ಆರ್.ಐ.

ಬೆಳಕಿನ ಬಣ್ಣ ಒಂದು, ಆ ಬೆಳಕಿನಲ್ಲಿ ವಸ್ತುವಿನ ಬಣ್ಣ ಹೇಗೆ ಕಾಣುತ್ತದೆ ಎಂಬುದು ಇನ್ನೊಂದು. ಎರಡನೆಯದಕ್ಕೆ 100ರವರೆಗೆ ಕೊಡುವ ಅಂಕವೇ ಸಿ.ಆರ್.ಐ. ಪಾಲೋಮಾರ್ ಬೆಟ್ಟದ ದೊಡ್ಡ ದೂರದರ್ಶಕಕ್ಕೆ ಆಕಾಶ ಕಪ್ಪಾಗಿರಲೆಂದು ಸ್ಯಾನ್ ಡಿಯೇಗೊ ಕಡೆಯ ಬೀದಿಗಳಲ್ಲಿ ಹಿಂದೆ ಲೋ ಪ್ರೆಶರ್ ಸೋಡಿಯಂ ದೀಪಗಳನ್ನು ಹಾಕಿದ್ದರು. ಅವುಗಳ ಬೆಳಕು ಒಂದೇ ಒಂದು ಹಳದಿ. ಅದರ ಕೆಳಗೆ ನಿಮ್ಮ ಕೆಂಪು ಕಾರೂ ನೀಲಿ ಕಾರೂ ಒಂದೇ ಕಂದು. ಖಗೋಳಜ್ಞರಿಗೆ ಆ ಒಂದು ಬಣ್ಣವನ್ನು ಸೋಸಿ ತೆಗೆಯುವುದು ಸುಲಭ, ಪಾರ್ಕಿಂಗ್‌ನಲ್ಲಿ ಕಾರು ಹುಡುಕುವವರಿಗೆ ಕಷ್ಟ.

ಎಲ್.ಇ.ಡಿ.ಯಲ್ಲಿ ಸಾಮಾನ್ಯವಾಗಿ ಸೊರಗುವುದು ಗಾಢ ಕೆಂಪು. ಸಿ.ಆರ್.ಐ. ಅಂಕ ಎಂಟು ಮಾಸಲು ಬಣ್ಣಗಳ ಸರಾಸರಿ, ಗಾಢ ಕೆಂಪು ಅದರಲ್ಲಿ ಸೇರಿಲ್ಲ. ಅದಕ್ಕೆ ಆರ್-9 ಎಂಬ ಬೇರೆ ಅಂಕವಿದೆ. ನಮಗೋ ಕುಂಕುಮ, ಇಳಕಲ್ ಸೀರೆಯ ಸೆರಗು, ಉಪ್ಪಿನಕಾಯಿ ಎಲ್ಲವೂ ಕೆಂಪೇ. ಸಿ.ಆರ್.ಐ. 90ಕ್ಕೆ, ಆರ್-9 50ಕ್ಕೆ ಕಡಿಮೆಯಿಲ್ಲದ ಬಲ್ಬು ಕೊಳ್ಳಿ. ಕ್ಯಾಲಿಫೋರ್ನಿಯದ ಕಟ್ಟಡ ನಿಯಮದ ಟೈಟಲ್ 24 ಗುರುತಿದ್ದರೆ ಈ ಎರಡೂ ಇರುತ್ತವೆ.

ನಾಟಕದ ದಿನ

ಕೊನೆಯದಾಗಿ ನಮ್ಮ ನಾಟಕ ತಂಡಕ್ಕೆ. ದೊಂದಿಯ ಬೆಳಕಿನಲ್ಲಿ ಯಕ್ಷಗಾನ ನೋಡಿದವರು ಅದರ ವೇಷಗಳು ವಿದ್ಯುದ್ದೀಪದಲ್ಲಿ ಅದೇ ಅಲ್ಲ ಎನ್ನುತ್ತಾರೆ. ಸರಿಯೇ. ಕಡಿಮೆ ಕೆಲ್ವಿನ್, ಪಕ್ಕದಿಂದ ಬರುವ ಬೆಳಕು, ಅಲುಗುವ ನೆರಳು ಇವು ಮುಖವರ್ಣಿಕೆಗೆ ಆಳ ಕೊಡುತ್ತಿದ್ದವು. ಎದುರಿನಿಂದ ಸಪಾಟಾಗಿ ಬಿಳಿ ಫ್ಲಡ್‌ಲೈಟ್ ಸುರಿದರೆ ಮುಖ ಪಾಸ್‌ಪೋರ್ಟ್ ಫೋಟೋ ಆಗುತ್ತದೆ. ಅಮೆರಿಕದ ಸ್ಟಾನ್ಲಿ ಮೆಕ್ಯಾಂಡ್ಲೆಸ್ 1932ರ ತಮ್ಮ ಪುಸ್ತಕದಲ್ಲಿ ಹೇಳಿದ ಸೂತ್ರ ಈಗಲೂ ಪಾಠ: ನಟನ ಎಡಕ್ಕೊಂದು ಬಲಕ್ಕೊಂದು ದೀಪ, ಎರಡೂ 45 ಡಿಗ್ರಿ ಓರೆಯಲ್ಲಿ ಮೇಲಿನಿಂದ, ಒಂದು ಬೆಚ್ಚಗಿನ ಬಣ್ಣ, ಒಂದು ತಣ್ಣಗಿನದು.

ದೀಪ ಹಚ್ಚುವ ಮೊದಲು ಸರ್ಕಿಟ್ ಲೆಕ್ಕ ಮಾಡಿ. 20 ಆಂಪಿಯರಿನ ಸರ್ಕಿಟ್, 120 ವೋಲ್ಟ್: 2,400 ವ್ಯಾಟ್. ಮೂರು ಗಂಟೆಯಷ್ಟು ಒಂದೇ ಸಮನೆ ಬಳಸುವುದಾದರೆ ಅದರ ನೂರಕ್ಕೆ 80, ಅಂದರೆ 1,920. ಸಾವಿರ ವ್ಯಾಟಿನ ಎರಡು ಹ್ಯಾಲೋಜನ್ ದೀಪಕ್ಕೇ ಇದು ಸಾಲದು. ಕೆಲವು ವರ್ಷಗಳ ಹಿಂದೆ ಬಾಡಿಗೆಯ ಸಭಾಂಗಣವೊಂದರಲ್ಲಿ ಯುಗಾದಿಯ ನಾಟಕದ ನಡುವೆ, ಕರುಣರಸದ ದೃಶ್ಯದಲ್ಲೇ, ರಂಗವೆಲ್ಲ ಕತ್ತಲಾಯಿತು. ಅಡಿಗೆ ಮನೆಯಲ್ಲಿ ಯಾರೋ ಪುಣ್ಯಾತ್ಮರು 1,500 ವ್ಯಾಟಿನ ಕಾಫಿ ಪಾತ್ರೆ ಹಚ್ಚಿದ್ದರು. ಎರಡು ಕೋಣೆಗಳ ಸಾಕೆಟ್ಟುಗಳು ಒಂದೇ ಸರ್ಕಿಟ್ಟಿನವು. 2,000ಕ್ಕೆ 1,500 ಸೇರಿ 29 ಆಂಪಿಯರ್. ಬ್ರೇಕರ್ ತನ್ನ ಕೆಲಸ ಮಾಡಿತು. ಅದು ಮಾಡದಿದ್ದರೆ ಗೋಡೆಯೊಳಗಿನ ತಂತಿ ಕಾಯುತ್ತಿತ್ತು ಎಂಬುದನ್ನು ನೆನೆದರೆ, ಕತ್ತಲಾದದ್ದೇ ಒಳ್ಳೆಯದಾಯಿತು. ಯಾವ ಸಾಕೆಟ್ ಯಾವ ಬ್ರೇಕರಿಗೆ ಸೇರಿದೆ ಎಂದು ಸಭಾಂಗಣದವರನ್ನು ಮೊದಲೇ ಕೇಳಿ ಬರೆದಿಟ್ಟುಕೊಳ್ಳಿ. ಹೆಚ್ಚು ದಪ್ಪದ ಬ್ರೇಕರ್ ಹಾಕಿಸುವ ಮಾತು ಮಾತ್ರ ಯಾರೂ ಆಡಬೇಡಿ.

ಇಷ್ಟೆಲ್ಲ ನೆನಪಿಡುವುದು ಕಷ್ಟವೆನ್ನುವವರಿಗೆ ಒಂದು ಪ್ರಯೋಗ. ಇಂದು ರಾತ್ರಿ ಮನೆಯ ಹಿರಿಯರು ಓದುವ ಜಾಗದಲ್ಲಿ ನೀವೇ ಹತ್ತು ನಿಮಿಷ ಕೂತು, ಹಳೆಯ ಸಣ್ಣಕ್ಷರದ ಪುಸ್ತಕವೊಂದನ್ನು ಓದಿ ನೋಡಿ. ಒತ್ತಕ್ಷರ ತಡವರಿಸಿದರೆ ದೀಪವನ್ನು ಎರಡು ಅಡಿ ಹತ್ತಿರಕ್ಕೆ ತನ್ನಿ. ಬಲ್ಬು ಕೊಳ್ಳುವುದು ಆಮೇಲಿನ ಮಾತು.